ಮುದ್ದಯ್ಯನವರ ಗೋಡೆ

ಯಾರ ಮನೆಗೆ ಹೋದರೂ ಮುದ್ದಯ್ಯನವರು ಮೊದಲು ಮಾತಾಡಿಸುತ್ತಿದ್ದುದು ಗೋಡೆಯನ್ನು. ಒಳಗೆ ಕಾಲಿಟ್ಟವರೇ ಎಮ್ಮೆಯ ಬೆನ್ನು ತಟ್ಟುವ ಹಾಗೆ ಅಂಗೈಯಲ್ಲಿ ಗೋಡೆಗೆ ಎರಡು ಬಾರಿಸುತ್ತಿದ್ದರು. ಗಟ್ಟಿ ಸದ್ದು ಬಂದರೆ ಮುಖ ಅರಳುತ್ತಿತ್ತು. ಟೊಳ್ಳು ಸದ್ದು ಬಂದರೆ ಮನೆಯವರ ಎದುರೇ, "ಇದು ಗೋಡೆಯಲ್ಲ ಮಾರಾಯ್ರೇ, ಹಪ್ಪಳ!" ಅಂದುಬಿಡುತ್ತಿದ್ದರು. ಅವರ ಬಾಯಿಗೆ ಹೆದರಿ ಎಷ್ಟೋ ಜನ ಅವರು ಬರುವ ಮೊದಲೇ ಬಿರುಕಿಗೆ ಮಣ್ಣು ಮೆತ್ತುತ್ತಿದ್ದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸುಂಟಿಕೊಪ್ಪದ ಆಚೆಗಿನ ಒಂದು ಪಂಚಾಯಿತಿಗೆ ಅವರು ಅಧ್ಯಕ್ಷರು. ನಾನು ಬ್ಲಾಕ್ ಆಫೀಸಿನವರು ಕಳಿಸಿದ ಗ್ರಾಮಸೇವಿಕೆ. ಬಾಲವಾಡಿ ನಡೆಸುವುದು, ಬಾಣಂತಿಯರನ್ನೂ ಒಂಟಿ ಮುದುಕರನ್ನೂ ವಾರಕ್ಕೊಮ್ಮೆ ವಿಚಾರಿಸಿ ಬರುವುದು ನನ್ನ ಕೆಲಸ. ಮೊದಲ ದಿನ ನನ್ನ ಬಿಳಿ ಸೀರೆ ನೋಡಿ, "ಈ ಗೂಡೆ ನಮ್ಮ ಕೆಸರಲ್ಲಿ ಎಷ್ಟು ದಿನ ನಿಲ್ತದೆ?" ಎಂದು ನಕ್ಕಿದ್ದರು. ಅವರ ಮನೆಮಾತು ಅರೆಭಾಷೆ. ಅದರಲ್ಲಿ ಹುಡುಗಿಗೆ ಗೂಡೆ ಅನ್ನುತ್ತಾರೆ. ನನಗೆ ಎರಡು ಮಕ್ಕಳಾದ ಮೇಲೂ ಅವರ ಬಾಯಲ್ಲಿ ನಾನು ಗೂಡೆಯೇ.

ಗೋಡೆಯ ಹುಚ್ಚಿಗೆ ಕಾರಣ ಇತ್ತು. ಎಳವೆಯಲ್ಲೇ ತಂದೆ ತೀರಿಕೊಂಡು, ದಾಯಾದಿಗಳು ಹೊರಗೆ ಹಾಕಿ, ತಾಯಿ ಮಗನನ್ನು ಕರೆದುಕೊಂಡು ಕೆಲವು ವರ್ಷ ಕಾಫಿ ಎಸ್ಟೇಟಿನ ಲೈನಿನಲ್ಲಿ ಇದ್ದರಂತೆ. ಲೈನ್ ಎಂದರೆ ಕೂಲಿಗಳ ಸಾಲುಮನೆ. ಅಲ್ಲಿ ಕೋಣೆ ಕೋಣೆಯ ನಡುವಿನ ಗೋಡೆ ಆಳೆತ್ತರಕ್ಕೆ ನಿಂತುಬಿಡುತ್ತದೆ. ಅದರ ಮೇಲೆ ಹಂಚಿನವರೆಗೂ ಬಯಲು. ಒಂದು ತುದಿಯಲ್ಲಿ ಕೆಮ್ಮಿದರೆ ಇನ್ನೊಂದು ತುದಿಯವರು ಮಗ್ಗುಲು ಬದಲಾಯಿಸಬೇಕು.

"ನನ್ನ ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಅಳ್ತಿದ್ದಳು ಗೂಡೆ," ಎಂದಿದ್ದರು ಒಮ್ಮೆ. "ಬೆಳಿಗ್ಗೆ ನಲ್ಲಿ ಹತ್ರ ಎಲ್ಲರೂ ಅವಳ ಕಣ್ಣು ನೋಡ್ತಿದ್ರು. ಬಡವರಿಗೆ ಅಳಲಿಕ್ಕೂ ಒಂದು ಗೋಡೆ ಬೇಡ್ವಾ?"

ಹಾಗಾಗಿ ತಾಲೂಕು ಬೋರ್ಡಿನಿಂದ ಬಡವರ ಮನೆಗಳಿಗೆ ಅನುದಾನ ಬಂತು ಎಂದು ಗೊತ್ತಾದದ್ದೇ ತಡ, ಮುದ್ದಯ್ಯನವರು ಮಡಿಕೇರಿಯ ಬಸ್ಸಿನಲ್ಲೇ ಸಂಸಾರ ಹೂಡಿದರು. ಮನೆಗಳು ಜೋಡಿ ಜೋಡಿ, ಎರಡು ಮನೆಗೆ ನಡುವೆ ಒಂದೇ ಗೋಡೆ. ಬಂದ ಓವರ್ಸೀಯರು, "ನಡುಗೋಡೆ ಆಳೆತ್ತರ ಸಾಕು, ಉಳಿದ ಇಟ್ಟಿಗೆಯಲ್ಲಿ ಇನ್ನೊಂದು ಮನೆ ಏಳ್ತದೆ" ಎಂದರು. ಅದು ತಪ್ಪು ಮಾತೇನಲ್ಲ. ಮುದ್ದಯ್ಯನವರು ಮಾತ್ರ ಸಿಡಿದೆದ್ದರು.

"ನಿಮ್ಮ ಕ್ವಾರ್ಟರ್ಸಿನ ಗೋಡೆ ಎಲ್ಲಿವರೆಗೆ ಉಂಟು ಸಾರ್?"

"ಹಂಚಿನವರೆಗೆ."

"ನಿಮ್ಮ ಹೆಂಡತಿ ನಿಮ್ಮನ್ನು ಬಯ್ಯುದಿಲ್ವಾ?"

ಓವರ್ಸೀಯರು ನಕ್ಕುಬಿಟ್ಟರು. ಗೋಡೆ ಹಂಚು ಮುಟ್ಟಿತು, ಅದೂ ಒಂದೂವರೆ ಇಟ್ಟಿಗೆ ದಪ್ಪ. ಮಳೆಗಾಲಕ್ಕೆ ಮೊದಲು ಅರ್ಧ ಮನೆಗಳು ಮುಗಿದವು. ಉಳಿದ ಅರ್ಧಕ್ಕೆ ಎರಡನೇ ಕಂತು ಬರಬೇಕಿತ್ತು.

ಮೊದಲ ಮನೆ ಸಿಕ್ಕಿದ್ದು ಚಿನ್ನಮ್ಮಜ್ಜಿಗೆ. ಆಯಸ್ಸೆಲ್ಲ ಕಾಫಿ ಪಿಕ್ಕಿಂಗ್ ಮಾಡಿ ಕೈ ಸೋತ ಮೇಲೆ, ಕೆಲಸವಿಲ್ಲದವರಿಗೆ ಲೈನಿಲ್ಲ ಎಂದು ಎಸ್ಟೇಟಿನವರು ಕೋಣೆ ಬಿಡಿಸಿದ್ದರು. ಹಿಂದೆ ಮುಂದೆ ಯಾರೂ ಇಲ್ಲ. ಸೋಮವಾರಪೇಟೆಯ ಹತ್ತಿರ ಒಬ್ಬ ತಂಗಿ. ಹಾಲುಕ್ಕಿಸಿದ ದಿನ ಅಜ್ಜಿ ಮುದ್ದಯ್ಯನವರ ಹಾಗೆಯೇ ಗೋಡೆ ತಟ್ಟಿ, ಕಿವಿಗೊಟ್ಟು ಕೇಳಿ, ಬೊಚ್ಚುಬಾಯಿ ತೆರೆದು ಹೇಳಿದಳು:

"ಅಯ್ಯಾ, ಎಂಥಾ ಗೋಡೆ ಕಟ್ಟಿಸಿದ್ರಿ! ಈಚೆಗೆ ಸತ್ರೂ ಆಚೆಗೆ ಗೊತ್ತಾಗಕಿಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವರು ಮುದ್ದಯ್ಯನವರು.

ಆಟಿ ತಿಂಗಳ ಮಳೆ ಹಿಡಿಯಿತು. ಹಂಚಿನ ಮೇಲೆ ಬೀಳುವ ಸದ್ದಿಗೆ ನಮ್ಮ ಮಾತು ನಮಗೇ ಕೇಳದು. ನಾನು ವಾರದ ಭೇಟಿಗೆ ಹೊರಟವಳು ದಾರಿಯಲ್ಲಿ ಮುದ್ದಯ್ಯನವರನ್ನೂ ಕಂಡು ಜೊತೆಯಲ್ಲೇ ಹೋದೆ. ಅಜ್ಜಿಯ ಬಾಗಿಲು ಮುಚ್ಚಿತ್ತು. ಪಕ್ಕದ ಮನೆಯ ಜಾನಕಿ ಸೌದೆ ಒಳಗೆಳೆಯುತ್ತಾ, "ಸಂತೆಗೆ ಹೋಗಿರ್ಬೇಕು ಅಯ್ಯಾ," ಎಂದಳು.

"ಸಂತೆ ಭಾನುವಾರ ಮುಗೀತಲ್ಲ?" ಎಂದೆ.

"ಹಾಗೇ ತಂಗಿ ಮನೆಗೆ ಹೋಗಿರ್ತಾಳೆ ಬಿಡಿ ಸೇವಿಕಮ್ಮ. ಮೊನ್ನೆಯೇ ಅಧ್ಯಕ್ಷರು ಕೇಳಿದ್ರು, ಇದನ್ನೇ ಹೇಳಿದ್ದೆ."

ಹೌದು ಎಂಬಂತೆ ಮುದ್ದಯ್ಯನವರು ತಲೆಯಾಡಿಸಿದರು. ಕೊಡೆ ಮಡಚಲೆಂದು ನಾನು ಬಾಗಿಲಿಗೆ ಒರಗಿದೆ. ಬಾಗಿಲು ಅಲುಗಲಿಲ್ಲ. ಒಳಗಿನಿಂದ ಅಗಳಿ ಹಾಕಿತ್ತು.

ಸಂತೆಗೆ ಹೋದವರು ಒಳಗಿನಿಂದ ಅಗಳಿ ಹಾಕುತ್ತಾರೆಯೇ?

ಮುದ್ದಯ್ಯನವರು ಹೆಗಲು ಕೊಟ್ಟು ಬಾಗಿಲು ಮುರಿದರು. ಅಜ್ಜಿ ನಡುಗೋಡೆಯ ಬುಡದಲ್ಲಿ ಚಾಪೆಯ ಮೇಲೆ ಮುದುಡಿಕೊಂಡಿದ್ದಳು. ತೀರಿಕೊಂಡು ಒಂದು ದಿನವಾದರೂ ಆಗಿತ್ತು. ಕೈಯ ಹತ್ತಿರ ಕಬ್ಬಿಣದ ಸೌಟು. ಅದಕ್ಕೂ ಮೀರಿ ನನ್ನ ಎದೆ ಒಡೆದದ್ದು ಗೋಡೆಯನ್ನು ನೋಡಿ. ಹೊಸ ಸುಣ್ಣದ ಮೇಲೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಗಾಯದ ಮೇಲೆ ಗಾಯ. ಗಾರೆ ಚಕ್ಕೆ ಚಕ್ಕೆಯಾಗಿ ಉದುರಿ ಇಟ್ಟಿಗೆ ಕೆಂಪಗೆ ಕಾಣುತ್ತಿತ್ತು. ಅಜ್ಜಿ ತಟ್ಟಿದ್ದಾಳೆ, ಎಷ್ಟು ಹೊತ್ತೋ. ಗೋಡೆಯ ಆಚೆ ಜಾನಕಿಯ ಒಲೆ.

"ನಂಗೆ ಕೇಳಿಲ್ಲ," ಎಂದಳು ಜಾನಕಿ. ಮತ್ತೆ ಮತ್ತೆ ಅದನ್ನೇ ಹೇಳಿದಳು. "ಲೈನಲ್ಲಿ ಇದ್ದಿದ್ರೆ ಅವಳ ಉಸಿರೂ ಕೇಳ್ತಿತ್ತು. ನಂಗೆ ಕೇಳಿಲ್ಲ ಅಯ್ಯಾ."

ಮುದ್ದಯ್ಯನವರು ಆ ಗಾಯದ ಮೇಲೆ ಅಂಗೈ ಇಟ್ಟರು. ತಟ್ಟಲಿಲ್ಲ.

ಅಜ್ಜಿಯ ಮಣ್ಣು ಮುಗಿದ ಮರುದಿನ ಅವರು ಹಾರೆ ಹಿಡಿದು ಬಂದರು. ಒಂದೊಂದೇ ಜೋಡಿಮನೆಗೆ ಹೋಗಿ, ನಡುಗೋಡೆಯಲ್ಲಿ ಕೂತವರ ಕೈಗೆ ಎಟಕುವಷ್ಟು ಎತ್ತರದಲ್ಲಿ ಒಂದು ಗಿಂಡಿ ದಾಟುವಷ್ಟು ಕಂಡಿ ಕೊರೆದರು. "ಜಗಳ ಆಡುವಾಗ ಬಟ್ಟೆ ತುರುಕಿ, ಸೌಖ್ಯ ಇಲ್ಲದಾಗ ತೆಗೀರಿ," ಎಂದಷ್ಟೇ ಹೇಳಿದರು.

ಎರಡನೇ ಕಂತಿನ ತನಿಖೆಗೆ ಬಂದ ಓವರ್ಸೀಯರು ತಲೆ ಹಿಡಿದುಕೊಂಡರು.

"ಏನ್ರೀ ಇದು? ನೀವೇ ಹಟ ಹಿಡಿದು ಕಟ್ಟಿಸಿದ ಗೋಡೆ! ಸರ್ಕಾರಿ ಕಟ್ಟಡ ಒಡೆದ ಪಂಚಾಯಿತಿಗೆ ನಾನು ಮುಂದಿನ ಹಣ ಶಿಫಾರಸು ಮಾಡೋದು ಹೇಗೆ?"

ಲೈನಿನಲ್ಲಿ ಇನ್ನೂ ಹಲವು ಮನೆಯವರು ಕಾದಿದ್ದರು. ಎಸ್ಟೇಟಿನವರು ಲೈನ್ ಕೆಡವುವ ಮಾತಾಡುತ್ತಿದ್ದರು.

"ಒಡೆದದ್ದು ಪಂಚಾಯಿತಿ ಅಲ್ಲ ಸಾರ್, ಮುದ್ದಯ್ಯ," ಎಂದರು ಅವರು. "ಅವನನ್ನು ತೆಗೆದುಹಾಕಿದ್ದಾರೆ ಅಂತ ಬರೆಯಿರಿ. ಲೈನಿನವರ ಮನೆ ನಿಲ್ಲಿಸಬೇಡಿ." ಅಲ್ಲೇ ಕೂತು ರಾಜೀನಾಮೆ ಗೀಚಿಕೊಟ್ಟರು.

ಕಂಡಿ ಮುಚ್ಚಿಸುವ ಷರತ್ತಿನ ಮೇಲೆ ಹಣ ಬಂತು, ಉಳಿದ ಮನೆಗಳೂ ಎದ್ದವು. ಮುಂದಿನ ತನಿಖೆಯ ದಿನ ಪ್ರತಿ ಮನೆಯ ನಡುಗೋಡೆಯಲ್ಲೂ ಒಂದೇ ಎತ್ತರಕ್ಕೆ ಒಂದೊಂದು ಮೊರ ನೇತಾಡುತ್ತಿತ್ತು, ಹೊಸ ಮನೆಗಳಲ್ಲೂ. ಓವರ್ಸೀಯರು ಒಂದು ಮೊರವನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿ ಹೆಣೆದಿದ್ದಾರೆ," ಎಂದು ಹೊರಗೆ ನಡೆದರು.

ನನಗೆ ವರ್ಗವಾಯಿತು. ವರ್ಷಗಳ ಮೇಲೆ ಒಂದು ಭಾನುವಾರ ನೋಡಲು ಹೋದಾಗ ಮುದ್ದಯ್ಯನವರು ಕೋಲೂರಿಕೊಂಡು ಕಾಲೊನಿಯಲ್ಲೇ ಇದ್ದರು. ದಿನಾ ಬೆಳಿಗ್ಗೆ ಹಾಗೆ ಬರುತ್ತಾರಂತೆ. ಹೊರಗೋಡೆಗೆ ಮೆಲ್ಲನೆ ತಟ್ಟುವುದು, ಒಳಗಿನಿಂದ ಯಾರಾದರೂ ತಟ್ಟಿದ ಮೇಲೆ ಮುಂದಿನ ಮನೆಗೆ ಹೋಗುವುದು. ಕೆಲವು ಕಡೆ ಮಕ್ಕಳು ಬೇಕೆಂದೇ ತಡಮಾಡಿ, ಆಮೇಲೆ ದಬದಬ ಬಡಿದು ನಗುತ್ತಿದ್ದವು. "ಸಾಕು ಸಾಕು, ಬೀಳಿಸಿ ಹಾಕೀರಿ," ಎಂದು ಇವರೂ ನಗುತ್ತಿದ್ದರು.

ಚಿನ್ನಮ್ಮಜ್ಜಿ ಇದ್ದ ಮನೆಯಲ್ಲಿ ಈಗ ಬೇರೆ ಸಂಸಾರ. ಅಲ್ಲಿ ತಟ್ಟಿದರು. ಉತ್ತರ ಬರಲಿಲ್ಲ. ಮತ್ತೆ ತಟ್ಟಿದರು. ಮುಖದ ಬಣ್ಣ ಇಳಿಯಿತು.

ಪಕ್ಕದ ಬಾಗಿಲಿನಿಂದ ಜಾನಕಿ ಕೂಗಿದಳು: "ಅವರು ಸಂತೆಗೆ ಹೋಗಿದ್ದಾರೆ ಅಯ್ಯಾ!"

"ಅವತ್ತೂ ಹಾಗೇ ಹೇಳಿದ್ದೆಯಲ್ಲ ಜಾನಕಿ," ಎಂದರು. ಬೈಗುಳವಲ್ಲ, ನೆನಪು ಮಾಡುವ ಹಾಗೆ. ಜಾನಕಿ ಸೆರಗು ಬಾಯಿಗೊತ್ತಿಕೊಂಡಳು.

"ಹೊರಗಿನಿಂದಲೇ ಚಿಲಕ ಹಾಕಿದೆ ಅಜ್ಜಯ್ಯ," ಎಂದೆ ನಾನು.

"ತೆಗೆದು ನೋಡು ಗೂಡೆ."

ಚಿಲಕ ತೆಗೆದು ಒಳಗೆ ಹೋದೆ. ಒಲೆ ಆರಿತ್ತು, ಚಾಪೆ ಸುತ್ತಿಟ್ಟಿತ್ತು. ಗೋಡೆಯ ಬುಡದಲ್ಲಿ ಆ ಗಾಯದ ಜಾಗ ಬಿಟ್ಟು ಉಳಿದೆಡೆಯೆಲ್ಲ ಸುಣ್ಣ ಬಳಿದಿದ್ದರು. ಹೊರಗೆ ಬಂದು, "ಯಾರೂ ಇಲ್ಲ ಅಜ್ಜಯ್ಯ," ಎಂದೆ.

"ಸರಿಯಾಗಿ ನೋಡಿದೆಯಾ?"

"ಮೂಲೆ ಮೂಲೆ ನೋಡಿದೆ."

ಆಗ ಅವರು ಗೋಡೆಯಿಂದ ಕೈ ತೆಗೆದರು. ನಾನು ಅವರನ್ನು ಕಂಡದ್ದು ಅದೇ ಕೊನೆ.