ದೊಡ್ಡಮ್ಮನ ಬಣ್ಣ

ಸಾಸ್ವೆಹಳ್ಳಿಗೆ ಕೊಟ್ಟ ನಮ್ಮ ದೊಡ್ಡಮ್ಮ ಬಂಗಾರಮ್ಮ ಹುಟ್ಟಾ ಕಪ್ಪು. ಹೆಣ್ಣು ನೋಡಲು ಬಂದಾಗಲೇ ಅವಳ ಅತ್ತೆ, "ಹೆಸರಿಗೆ ಬಂಗಾರ, ಮಖ ನೋಡಿದ್ರೆ ರೊಟ್ಟಿ ಹೆಂಚು" ಎಂದಿದ್ದಳಂತೆ. ದೊಡ್ಡಮ್ಮ ಅದನ್ನು ನಗುತ್ತಲೇ ಹೇಳುತ್ತಿದ್ದಳು. ಆದರೆ ಯಾರಾದರೂ ಗುಲಾಬಿ ಸೀರೆ ಕೊಟ್ಟರೆ ಉಡದೆ ನಮ್ಮಮ್ಮನಿಗೆ ದಾಟಿಸಿಬಿಡುತ್ತಿದ್ದಳು.

ಸಕ್ಕರೆ ಕಾಯಿಲೆ ಬಂದ ಮೇಲೆ ನಾಟಿ ಹಾಕಲು ಗದ್ದೆಗೆ ಹೋಗುವಾಗಲೂ ಸೆರಗಿನ ತುದಿಗೆ ಮಾತ್ರೆ ಕಟ್ಟಿಕೊಂಡೇ ಹೋಗುತ್ತಿದ್ದಳು. ಹೋದ ವರ್ಷ ಇದ್ದಕ್ಕಿದ್ದಂತೆ ಸಕ್ಕರೆ ಇಳಿಯತೊಡಗಿತು. ಮಾತ್ರೆ ನುಂಗಿದರೆ ಬೆವರು, ನಡುಕ. ಕಾಯಿಲೆ ವಾಸಿಯಾಯಿತೆಂದು ಮೊದಲು ಅರ್ಧ ಮಾಡಿದಳು, ಆಮೇಲೆ ಬಿಟ್ಟೇಬಿಟ್ಟಳು. ಮುಖ ದುಂಡಗಾಯಿತು, ಬಣ್ಣ ತಿಳಿಯಾಯಿತು.

ಜಗಳೂರಿನಲ್ಲಿ ನಮ್ಮಣ್ಣ ಓಂಕಾರನ ಮದುವೆಗೆ ಬಂದಾಗ ನೆಂಟರೆಲ್ಲ ಅವಳನ್ನು ಮುತ್ತಿಕೊಂಡರು.

"ಬಂಗಾರಕ್ಕ, ಎಷ್ಟು ಬೆಳ್ಳಗಾಗಿದೀಯ! ಮೈಕೈ ತುಂಬ್ಕಂಡೈತೆ. ಏನ್ ತಿಂತೀಯ, ನಮಗೂ ಹೇಳು."

ದೊಡ್ಡಮ್ಮ ಮದುವಣಗಿತ್ತಿಗಿಂತ ಹೆಚ್ಚು ನಾಚಿದಳು. ಅವತ್ತು ಉಟ್ಟಿದ್ದುದು ಗುಲಾಬಿ ಸೀರೆ. ಕುರ್ಚಿಯಿಂದ ಏಳಲು ಗೋಡೆ ಹಿಡಿದಳು, ಊಟದ ಪಂಕ್ತಿ ಮುಟ್ಟುವಷ್ಟರಲ್ಲಿ ಏದುಸಿರು ಬಿಟ್ಟಳು. ಅದನ್ನು ಒಬ್ಬರೂ ಕೇಳಲಿಲ್ಲ. ಹೆಣ್ಣೊಬ್ಬಳು ಬೆಳ್ಳಗಾದಳೆಂದರೆ ಸಾಕು, ನಮ್ಮ ಜನಕ್ಕೆ ಬೇರೇನೂ ಕಾಣುವುದಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೀಗರೂಟದ ದಿನ ಕುಸಿದು ಬಿದ್ದಳು. ದಾವಣಗೆರೆಗೆ ಕರೆದೊಯ್ದೆವು. ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಾಗೆ ರಕ್ತನೇ ಇಲ್ವಲ್ರೀ. ಇಷ್ಟು ಬಿಳಿಚಿಕೊಂಡಿರೋದು ಮನೇಲಿ ಯಾರೂ ನೋಡ್ಲಿಲ್ವಾ?" ಎಂದರು.

ನೋಡಿದ್ದೆವು, ಹೊಗಳಿದ್ದೆವು! ಸಕ್ಕರೆ ಒಳಗೊಳಗೇ ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಕೆಡಿಸಿತ್ತು. ಕಿಡ್ನಿ ಸೋತರೆ ರಕ್ತ ಸರಿಯಾಗಿ ಹುಟ್ಟುವುದಿಲ್ಲ, ಮೈಗೆ ನೀರು ತುಂಬುತ್ತದೆ, ಸಕ್ಕರೆಯೂ ಇಳಿಯುವುದುಂಟು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಣ್ಣೊಳಗಿನ ನಾಳಗಳೂ ಒಡೆದಿದ್ದವು.

ರಕ್ತ ಏರಿಸಿದ ಮೇಲೆ ಕೆಲವು ದಿನ ಅವಳ ಹಳೆಯ ಬಣ್ಣ ಮರಳಿತು. ಅಷ್ಟು ಚೆಂದದ ಕಪ್ಪನ್ನು ನಾನು ಎಲ್ಲೂ ಕಂಡಿಲ್ಲ. ಆಮೇಲೆ ಮತ್ತೆ ಬಿಳಿಚಿಕೊಂಡಳು. ಈಗ ಡಯಾಲಿಸಿಸ್, ರಕ್ತ ಹೆಚ್ಚಲು ಇಂಜೆಕ್ಷನ್. ಯಾವುದೂ ಮೈಗೆ ಹತ್ತುತ್ತಿಲ್ಲ. ಅವಳನ್ನು ನೋಡಿಕೊಳ್ಳಲು ನಾನು ಸಾಸ್ವೆಹಳ್ಳಿಯಲ್ಲೇ ಇದ್ದೇನೆ. ಉಳಿಯುತ್ತಾಳೆಂಬ ಆಸೆ ನನಗಿಲ್ಲ, ಕೈಬಿಡುವ ಧೈರ್ಯವೂ ಇಲ್ಲ.

ಕನ್ನಡಿಯಲ್ಲಿ ತನ್ನ ಮುಖ ಈಗ ಅವಳಿಗೆ ಕಾಣುವುದಿಲ್ಲ. ಬೆಳಿಗ್ಗೆ ತಲೆ ಬಾಚುವಾಗ ನನ್ನ ಕೈ ಹಿಡಿದು ಕೇಳುತ್ತಾಳೆ.

"ಅರುಣಾ, ನಿಜ ಹೇಳೇ. ಇವತ್ತಾದ್ರೂ ಕಪ್ಪಗಾಗಿದೀನಾ?"

ಸುಣ್ಣ ಬಳಿದಂತಿರುವ ಆ ಮುಖವನ್ನು ನೋಡುತ್ತೇನೆ.

"ಹ್ಞೂಂ ದೊಡ್ಡಮ್ಮ. ರೊಟ್ಟಿ ಹೆಂಚಿನಂಗೆ ಆಗಿದೀಯ."

"ಹಂಗಾರೆ ಬದುಕ್ತೀನಿ ಬಿಡು" ಎಂದು ಅವಳು ನಗುತ್ತಾಳೆ.