ಸಿಂದಗಿ ದರ್ಜಿಯ ಸೂಚ್ಯಂಕ

ಸಿಂದಗಿಯಲ್ಲಿ ಇಂಡಿ ಊರಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂಗಿಯ ಕಿತ್ತುಹೋದ ಗುಂಡಿ ಹಾಕಿಸಲು ನಿಲ್ದಾಣದೆದುರಿನ ದರ್ಜಿಯ ಬಳಿ ಕೂತೆ. ತುರ್ತು ಪರಿಸ್ಥಿತಿ ಮುಗಿದ ಮೇಲೆ ಬಂದ ಸರಕಾರ ಬೆಲೆ ಇಳಿದಿದೆ ಎನ್ನುತ್ತಿತ್ತು, ವಿರೋಧ ಪಕ್ಷ ಇಲ್ಲವೆನ್ನುತ್ತಿತ್ತು. ಪತ್ರಿಕೆ ಹಿಡಿದು ತಲೆ ಕೆಡಿಸಿಕೊಂಡಿದ್ದ ನಾನು ಆರ್ಥಿಕ ಅಂಕಣಕಾರನೆಂದು ಹೇಳಿಕೊಂಡಾಗ ದರ್ಜಿ ನಕ್ಕರು.

“ಪೇಪರ್ ಯಾಕ್ರಿ? ಹೋದ ವರ್ಷ ಸವೆದ ಕಾಲರ್ ತಿರುವಿ ಹೊಲಿಸಾಕ ದಿನಾ ಅಂಗಿ ಬರ್ತಿದ್ವು. ಒಳಗಿನ ಮಗ್ಗಲ ಹೊರಗ ಮಾಡಿದ್ರ ಮತ್ತೊಂದು ವರ್ಷ ನಡೀತೈತಿ. ಈ ಸಲ ಮಂದಿ ಹೊಲಿಸಾಕ ಹೊಸ ಅರಿವಿ ತರಾಕತ್ತಾರ. ಕಾಲ ಸುಧಾರ್ಸೇತಿ, ಬರ್ಕೋರಿ.”

ಖುಷಿಯಿಂದ ಬರೆದುಕೊಂಡೆ. ಇಷ್ಟು ಸರಳ ಸೂಚ್ಯಂಕ ಯಾವ ಕಚೇರಿಯಲ್ಲೂ ಸಿಕ್ಕಿರಲಿಲ್ಲ.

ಗುಂಡಿ ಹಾಕಿ ದಾರ ಕಚ್ಚಿ ತುಂಡರಿಸಿದ ದರ್ಜಿ ನನ್ನ ಕಾಲರಿನ ಮೇಲೆ ಬೆರಳಾಡಿಸಿದರು. “ಇದನ್ನ ಯಾರು ತಿರುವ್ಯಾರ್ರಿ? ಭಾಳ ಚಲೋ ಹೊಲಿಗಿ.”