ಒಂದು ಲಾಟಿಗೆ ಎರಡು ಹರಾಜು

ಸೈನ್ಯದ ಸಿಗ್ನಲ್ಸ್ ವಿಭಾಗದಿಂದ ನಿವೃತ್ತನಾದ ಮೇಲೆ ನಾನು ನಮ್ಮ ಕಡೆಯ ಒಂದು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕಂಪ್ಯೂಟರ್ ಕೋಣೆಯ ಉಸ್ತುವಾರಿ ವಹಿಸಿಕೊಂಡೆ. ರೈತರು ಗೂಡು ಸುರಿದು ಕಾಯುತ್ತಾರೆ; ಒಬ್ಬೊಬ್ಬರ ರಾಶಿ ಒಂದೊಂದು ಲಾಟು. ನೂಲು ತೆಗೆಸುವ ರೀಲರುಗಳು ಗೂಡನ್ನು ಮುಟ್ಟಿ ನೋಡಿ, ಒಬ್ಬರ ದರ ಇನ್ನೊಬ್ಬರಿಗೆ ತಿಳಿಯದಂತೆ ಮೊಬೈಲಿನಲ್ಲಿ ದರ ಒತ್ತಿ ಹರಾಜು ಕೂಗುತ್ತಾರೆ.

ಕೂಗು ಬಂದು ಸೇರುವುದು ನನ್ನ ಕೋಣೆಯ ಸರ್ವರಿಗೆ. ಸರ್ವರ್ ಎರಡು. ಒಂದು ದುಡಿಯುತ್ತದೆ, ಇನ್ನೊಂದು ಕಾದಿರುತ್ತದೆ. ನಡುವಿನ ಗಿಡ್ಡ ಕೇಬಲ್ಲಿನಲ್ಲಿ ಅವು ಒಂದನ್ನೊಂದು ಬದುಕಿದ್ದೀಯಾ ಎಂದು ವಿಚಾರಿಸುತ್ತಲೇ ಇರುತ್ತವೆ. ಉತ್ತರ ನಿಂತರೆ ಕಾದಿದ್ದದ್ದು ಅಧಿಕಾರ ವಹಿಸಿಕೊಳ್ಳುತ್ತದೆ. ಹೊರಗಿರುವ ಯಾರಿಗೂ ಅದು ಗೊತ್ತಾಗುವುದಿಲ್ಲ. ಪ್ರತಿ ಸೋಮವಾರ ನಾನು ಒಂದನ್ನು ಬೇಕೆಂದೇ ಆಫ್ ಮಾಡಿ ಇನ್ನೊಂದು ಏಳುವುದನ್ನು ನೋಡಿಕೊಳ್ಳುತ್ತಿದ್ದೆ.

ಆ ವರ್ಷ ಆಯುಧಪೂಜೆಗೆ ತಕ್ಕಡಿ, ತಳ್ಳುಗಾಡಿಗಳ ಜೊತೆ ಸರ್ವರುಗಳಿಗೂ ಅರಿಶಿನ ಕುಂಕುಮವಾಯಿತು. ಲೆಕ್ಕದ ಗುಮಾಸ್ತರು ಎರಡಕ್ಕೂ ಚೆಂಡುಹೂವಿನ ಹಾರ ಹಾಕಿದರು. ಗಿಡ್ಡ ಕೇಬಲ್ ಹಾರಕ್ಕೆ ಅಡ್ಡ ಬಂತೆಂದು ಕಿತ್ತು, ನೀಟಾಗಿ ಸುತ್ತಿ, ಹೂವಿನ ಹಿಂದೆ ಇಟ್ಟರು. ಇದು ನಮಗೆ ತಿಳಿದದ್ದು ಆಮೇಲೆ.

ರಜೆ ಮುಗಿದು ಹರಾಜು ಶುರುವಾಯಿತು. ಎರಡು ಸರ್ವರಿನಲ್ಲೂ ಹಸಿರು ದೀಪ. ಎರಡೂ ಇನ್ನೊಂದು ಸತ್ತಿದೆ ಎಂದುಕೊಂಡು ಹರಾಜು ನಡೆಸುತ್ತಿದ್ದವು. ಅರ್ಧ ಫೋನುಗಳು ಒಂದಕ್ಕೆ, ಅರ್ಧ ಇನ್ನೊಂದಕ್ಕೆ.

ವಿರೂಪಾಕ್ಷಿಪುರದ ಕಡೆಯ ಹೆಂಗಸೊಬ್ಬಳ ಲಾಟಿನ ಮುಂದೆ ಗಲಾಟೆ ಎದ್ದಿತು. ಇಬ್ಬರು ರೀಲರುಗಳು, ಒಬ್ಬರು ಹಿರಿಯ ಸಾಹೇಬರು, ಇನ್ನೊಬ್ಬ ಯುವಕ, ಲಾಟು ತಮಗೇ ಆಗಿದೆಯೆಂದು ತೂಕಕ್ಕೆ ಚೀಲ ತಂದಿದ್ದರು.

"ಲಾಟು ನಂದು. ಮೊಬೈಲ್ ನೋಡಿ ಸಾಹೇಬ್ರೆ."

"ನನ್ನ ಕೈಲಿರೋದೇನು, ರೇಡಿಯೋನಾ?"

"ಇಬ್ರೂ ಸೀಳ್ಕೊಂಡೋಗಿ," ಎಂದಳು ಆಕೆ. "ನನ್ನ ಗೂಡು ಹಲಸಿನಣ್ಣು ನೋಡಿ."

ಯುವಕನ ದರ ಹೆಚ್ಚಿತ್ತು. ಅದು ಅವಳಿಗೆ ಹಿಂದೆಂದೂ ಸಿಕ್ಕದ ದರ. ಸುತ್ತಲ ಮನೆಗಳಲ್ಲಿ ಹುಳು ರೋಗಕ್ಕೆ ಹೋಗಿದ್ದಾಗ ಅವಳ ಬೆಳೆ ಉಳಿದಿತ್ತು.

ನಾನು ಕೋಣೆಗೆ ಹೋಗಿ ಹಾರ ಎತ್ತಿ ನೋಡಿದೆ. ಒಂದು ಸರ್ವರನ್ನು ಉಳಿಸಿಕೊಂಡರೆ ಅರ್ಧ ಮಾರುಕಟ್ಟೆಯ ಕೂಗನ್ನು ಅಳಿಸಿದಂತೆ. ಇಂಥ ಸಂದರ್ಭಕ್ಕೆ ಇದ್ದ ನಿಯಮ ಒಂದೇ: ಎಲ್ಲವನ್ನೂ ರದ್ದು ಮಾಡಿ ಮತ್ತೆ ಹರಾಜು ನಡೆಸುವುದು. ಮೇಲಧಿಕಾರಿಗಳೂ ಅದನ್ನೇ ಹೇಳಿದರು. ಮೈಕಿನಲ್ಲಿ ತಿಳಿಸಿದೆ.

ಆಕೆ ಕೋಣೆಯ ಬಾಗಿಲಿಗೆ ಬಂದಳು.

"ಮನೆಗೆ ಫೋನ್ ಮಾಡಿ ರೇಟ್ ಹೇಳ್ಬುಟ್ಟೆ ಸಾಮಿ. ಎರಡ್ರಲ್ಲಿ ಯಾವ್ದು ಸುಳ್ಳು?"

"ಎರಡೂ ಸುಳ್ಳಲ್ಲಮ್ಮ. ಅದಕ್ಕೇ ಎರಡನ್ನೂ ಬಿಡಬೇಕು."

"ಸುಳ್ಳಲ್ದಿದ್ರೆ ಯಾಕ್ ಬುಡ್ಬೇಕು?"

ನಾನು ಒಳಗೆ ತಿರುಗಿದೆ. ಕೇಬಲ್ ಹಾಕಿದೆ, ಒಂದು ಸರ್ವರನ್ನು ಆಫ್ ಮಾಡಿ ಇನ್ನೊಂದು ಎದ್ದದ್ದನ್ನು ಪರೀಕ್ಷಿಸಿದೆ, ಹರಾಜನ್ನು ಮತ್ತೆ ಶುರು ಮಾಡಿದೆ.

ಗಲಾಟೆಯಲ್ಲಿ ಈಗ ಎಲ್ಲರಿಗೂ ಎಲ್ಲರ ದರ ಗೊತ್ತಾಗಿಹೋಗಿತ್ತು. ಯಾರೂ ಏರಲಿಲ್ಲ. ತಾನು ಉಳಿದವರಿಗಿಂತ ಎಷ್ಟು ಹೆಚ್ಚು ಕೂಗಿದ್ದೆನೆಂದು ತಿಳಿದ ಯುವಕ ಅವಳ ಲಾಟಿಗೆ ಕೂಗಲೇ ಇಲ್ಲ. ಸಾಹೇಬರು ಮಾತ್ರ ಮೊದಲು ಕೂಗಿದ್ದ ದರವನ್ನೇ ಮತ್ತೆ ಕೂಗಿದರು. ಅದು ಯುವಕನ ದರಕ್ಕಿಂತ ಬಹಳ ಕಡಿಮೆ, ಉಳಿದವರದಕ್ಕಿಂತ ಹೆಚ್ಚು. "ಕಮ್ಮಿ ಮಾಡ್ಬೋದಿತ್ತಲ್ಲ ಸಾಹೇಬ್ರೆ," ಎಂದು ಯಾರೋ ಛೇಡಿಸಿದರು. "ಗೂಡು ಬೆಳಗಿಂದ ಬದಲಾಗಿಲ್ಲವಲ್ಲ," ಎಂದರು ಅವರು.

ದರ ಒಪ್ಪದಿರುವ ಹಕ್ಕು ರೈತರಿಗೆ ಇತ್ತು. ಆದರೆ ಗೂಡು ಕಾಯುವುದಿಲ್ಲ. ಇಟ್ಟುಕೊಂಡರೆ ಒಳಗಿನ ಹುಳು ಚಿಟ್ಟೆಯಾಗಿ ನೂಲು ಕತ್ತರಿಸಿ ಹೊರಬರುತ್ತದೆ. ಆಕೆ ಒಪ್ಪಿದಳು.

ತೂಕ ಮುಗಿಸಿ, ಖಾಲಿ ಚೀಲ ಮಡಚಿಕೊಂಡು ಮತ್ತೆ ನನ್ನ ಬಾಗಿಲಿಗೆ ಬಂದಳು.

"ನಾಳಿಕ್ಕೆ ನಮ್ಮ ಭಾವನ ಲಾಟು ಬತ್ತದೆ. ಹಿಂಗೇ ಆಯ್ತದಾ?"

"ಆಗೋದಿಲ್ಲಮ್ಮ."

ಆಕೆ ಮಡಚಿದ ಚೀಲವನ್ನು ಕಂಕುಳಿಗೆ ಸೇರಿಸಿದಳು. "ಹಂಗಾದ್ರೆ ಬರೋಕೇಳ್ತೀನಿ," ಎಂದು ಹೊರಟಳು.